ಅಥೆನ್ಸ್‌ನ ಅಳಿಯ ಬೋರಿಯಾಸ್: ಉತ್ತರ ಗಾಳಿಯ ದೇವರ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗ್ರೀಕ್ ಪುರಾಣ ಅಂದ ಕೂಡಲೇ ಜಿಯಸ್, ಅಪೋಲೋ, ಅಥೀನಾ ಹೆಸರುಗಳು ಬರುತ್ತವೆ. ಗಾಳಿ ದೇವರುಗಳ ಪಾಲಿಗೆ ಒಂದು ಸಾಲು ಸಿಕ್ಕರೆ ಅದೇ ಜಾಸ್ತಿ. ಆದರೆ ಅವರಲ್ಲಿ ಒಬ್ಬನನ್ನು ಒಂದು ಇಡೀ ಊರು ತನ್ನ ಅಳಿಯ ಅಂತ ಒಪ್ಪಿಕೊಂಡು, ಯುದ್ಧದ ಹೊತ್ತಿಗೆ ಸಹಾಯಕ್ಕೆ ಕೂಗಿ, ಗೆದ್ದ ಮೇಲೆ ನದಿ ದಂಡೆಯಲ್ಲಿ ಗುಡಿಯನ್ನೂ ಕಟ್ಟಿಸಿತು. ಅವನೇ ಬೋರಿಯಾಸ್. ಅವನ ಬಗ್ಗೆ ಜನ ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಇಲ್ಲಿವೆ.

ಬೋರಿಯಾಸ್ ಅಂದರೆ ಯಾರು?

ಪ್ರಾಚೀನ ಗ್ರೀಕರ ಉತ್ತರ ಗಾಳಿಯ ದೇವರು. ಚಳಿ, ಹಿಮ, ಸಮುದ್ರದ ಬಿರುಗಾಳಿ ಇವೆಲ್ಲ ಅವನ ಖಾತೆ. ಒಲಿಂಪಸ್ ಬೆಟ್ಟದ ದೊಡ್ಡ ದೇವರುಗಳ ಸಾಲಿನಲ್ಲಿ ಅವನಿಗೆ ಜಾಗವಿಲ್ಲ. ಮುಂಗೋಪಿ, ಬಲಶಾಲಿ, ಮಾತು ಕಮ್ಮಿ. ಹಾಗಂತ ಕೆಟ್ಟವನಲ್ಲ. ಕ್ರಿ.ಪೂ. 700ರ ಆಸುಪಾಸಿನ ಕವಿ ಹೆಸಿಯಡ್ ಗಾಳಿಗಳನ್ನು ಎರಡು ಪಂಗಡ ಮಾಡುತ್ತಾನೆ. ಟೈಫಿಯಸ್ ಎಂಬ ರಾಕ್ಷಸನಿಂದ ಹುಟ್ಟಿದ ಹುಚ್ಚು ಗಾಳಿಗಳು ಒಂದು ಕಡೆ. ಅವು ಹಡಗು ಮುಳುಗಿಸುತ್ತವೆ, ಬೆಳೆ ಹಾಳು ಮಾಡುತ್ತವೆ, ಯಾರಿಗೂ ಉಪಯೋಗವಿಲ್ಲ. ಬೋರಿಯಾಸ್, ನೋಟಸ್, ಝೆಫಿರಸ್ ಇನ್ನೊಂದು ಕಡೆ. ಇವರು ದೇವರ ವಂಶದವರು, ಮನುಷ್ಯರಿಗೆ ಒಳ್ಳೆಯದು ಮಾಡುವವರು. ಮೂಳೆ ಕೊರೆಯುವ ಚಳಿಗಾಳಿಯನ್ನೂ ಒಳ್ಳೆಯವರ ಪಟ್ಟಿಗೆ ಸೇರಿಸಿದ್ದಾನೆ ನೋಡಿ.

ಅವನ ಅಪ್ಪ ಅಮ್ಮ, ಅಣ್ಣತಮ್ಮಂದಿರು ಯಾರು?

ತಾಯಿ ಬೆಳಗಿನ ದೇವತೆ ಈಯೋಸ್. ತಂದೆ ಆಸ್ಟ್ರಿಯಸ್. ಆಕಾಶದ ನಕ್ಷತ್ರಗಳೂ ಇದೇ ದಂಪತಿಯ ಮಕ್ಕಳು. ಪಶ್ಚಿಮದ ಗಾಳಿ ಝೆಫಿರಸ್, ದಕ್ಷಿಣದ ಗಾಳಿ ನೋಟಸ್ ಅವನ ಒಡಹುಟ್ಟಿದವರು. ಪೂರ್ವದ ಯೂರಸ್ ಹೆಸರು ಹೆಸಿಯಡ್‌ನ ಪಟ್ಟಿಯಲ್ಲಿ ಇಲ್ಲ. ಹೋಮರ್‌ನ ಒಡಿಸ್ಸಿ ಮಹಾಕಾವ್ಯದಲ್ಲಿ ಮಾತ್ರ ನಾಲ್ವರೂ ಒಟ್ಟಿಗೆ ಸಮುದ್ರದ ಮೇಲೆ ಮುಗಿಬೀಳುತ್ತಾರೆ.

ಗಾಳಿ ದೇವರು ಈಯೊಲಸ್ ಅಲ್ವಾ?

ಈ ಗೊಂದಲ ತುಂಬಾ ಜನರಿಗೆ ಇದೆ. ಹೋಮರ್‌ನ ಕತೆಯಲ್ಲಿ ಈಯೊಲಸ್ ಒಂದು ತೇಲುವ ದ್ವೀಪದ ರಾಜ. ಜಿಯಸ್ ಅವನನ್ನು ಗಾಳಿಗಳ ಉಸ್ತುವಾರಿಗೆ ಇಟ್ಟಿದ್ದಾನೆ. ಯಾವ ಗಾಳಿಯನ್ನು ಬಿಡಬೇಕು, ಯಾವುದನ್ನು ಕಟ್ಟಿಹಾಕಬೇಕು ಅನ್ನುವುದು ಅವನ ಕೈಯಲ್ಲಿದೆ. ಆ ಕಾವ್ಯದ ನಾಯಕ ಒಡಿಸ್ಸಿಯಸ್‌ಗೆ ಅವನು ಎತ್ತಿನ ಚರ್ಮದ ಚೀಲದಲ್ಲಿ ಗಾಳಿಗಳನ್ನು ಕಟ್ಟಿ ಕೊಟ್ಟ ಕತೆ ನಿಮಗೆ ಗೊತ್ತಿರಬಹುದು. ಅಂದರೆ ಅವನು ಗಾಳಿಗಳ ಮೇಲ್ವಿಚಾರಕ. ಬೋರಿಯಾಸ್ ಸ್ವತಃ ಗಾಳಿ. ಹೋಮರ್‌ನದೇ ಇನ್ನೊಂದು ಕಾವ್ಯ ಇಲಿಯಡ್‌ನಲ್ಲಿ ಗಾಳಿ ದೇವರುಗಳು ಈಯೊಲಸ್‌ನ ಹಂಗೇ ಇಲ್ಲದೆ ಝೆಫಿರಸ್‌ನ ಮನೆಯಲ್ಲಿ ಕೂತು ಊಟ ಮಾಡುತ್ತಿರುತ್ತಾರೆ.

ಅವನ ಮನೆ ಎಲ್ಲಿದೆ?

ಥ್ರೇಸ್‌ನಲ್ಲಿ. ಇವತ್ತಿನ ಗ್ರೀಸ್‌ನ ಈಶಾನ್ಯ ಮೂಲೆ, ಬಲ್ಗೇರಿಯಾದ ದಕ್ಷಿಣ ಭಾಗ, ಟರ್ಕಿಯ ಯುರೋಪಿನ ತುಂಡು ಸೇರಿದರೆ ಹಳೆಯ ಥ್ರೇಸ್. ಅಥೆನ್ಸ್‌ನಲ್ಲಿ ನಿಂತವರಿಗೆ ಅದು ಉತ್ತರ ದಿಕ್ಕು, ಹಿಮದ ಬೆಟ್ಟಗಳ ನಾಡು, ಚಳಿ ಬರುವ ದಾರಿ. ಕವಿ ಕಲ್ಲಿಮಾಕಸ್ ಅಲ್ಲಿ ಬೋರಿಯಾಸ್‌ಗೆ ಏಳು ಕೋಣೆಗಳ ಗುಹೆ ಕೊಟ್ಟಿದ್ದಾನೆ.

ನೋಡಲು ಹೇಗಿದ್ದಾನೆ?

ಗಡ್ಡ, ದೊಡ್ಡ ರೆಕ್ಕೆ, ಗಟ್ಟಿ ಮೈಕಟ್ಟು. ಜರ್ಮನಿಯ ಮ್ಯೂನಿಕ್‌ನ ಸಂಗ್ರಹಾಲಯದಲ್ಲಿ ಒಂದು ಎತ್ತರದ ಮಣ್ಣಿನ ಹೂಜಿ ಇದೆ. ಕ್ರಿ.ಪೂ. 470ರ ಸುಮಾರಿನದು, ಅಥೆನ್ಸ್‌ನಲ್ಲೇ ಮಾಡಿದ್ದು. ಅದರಲ್ಲಿ ಬೋರಿಯಾಸ್‌ನ ತಲೆಗೂದಲು, ಗಡ್ಡ ಎರಡೂ ಸೆಟೆದು ಚೂಪಾಗಿ ನಿಂತಿವೆ, ಹಿಮದಲ್ಲಿ ಹೆಪ್ಪುಗಟ್ಟಿದಂತೆ. ಅವನು ಎರಡೂ ಕೈಯಲ್ಲಿ ಒಬ್ಬ ಹುಡುಗಿಯನ್ನು ಹಿಡಿದಿದ್ದಾನೆ. ಜೊತೆಗಿದ್ದ ಹುಡುಗಿಯರು ಗಾಬರಿಯಾಗಿದ್ದಾರೆ. ಚಿತ್ರ ಬರೆದವನ ಹೆಸರು ಗೊತ್ತಿಲ್ಲದ ಕಾರಣ, ವಿದ್ವಾಂಸರು ಆ ಹುಡುಗಿಯ ಹೆಸರನ್ನೇ ಅವನಿಗೆ ಇಟ್ಟು, ಒರೈಥೀಯಾ ಚಿತ್ರಕಾರ ಅಂತ ಕರೆಯುತ್ತಾರೆ.

ಇನ್ನೊಂದು ರೂಪವೂ ಇತ್ತು. ಒಲಿಂಪಿಯಾದಲ್ಲಿ ಕಿಪ್ಸೆಲಸ್‌ನ ಪೆಟ್ಟಿಗೆ ಅಂತ ಕೆತ್ತನೆ ಕೆಲಸದ ಒಂದು ಹಳೆಯ ಮರದ ಪೆಟ್ಟಿಗೆ ಇತ್ತು. ಅದರ ಮೇಲಿನ ಬೋರಿಯಾಸ್‌ಗೆ ಕಾಲಿನ ಬದಲು ಹಾವಿನ ಬಾಲಗಳಿದ್ದವು ಎಂದು ಪ್ರವಾಸಿ ಲೇಖಕ ಪೌಸೇನಿಯಸ್ ಬರೆದಿಟ್ಟಿದ್ದಾನೆ. ಪೆಟ್ಟಿಗೆ ಈಗ ಇಲ್ಲ.

ಈ ಒರೈಥೀಯಾ ಯಾರು? ಏನಾಯಿತು ಅವಳಿಗೆ?

ಅಥೆನ್ಸ್‌ನ ರಾಜ ಎರೆಕ್ಥಿಯಸ್, ರಾಣಿ ಪ್ರಾಕ್ಸಿಥಿಯಾ ದಂಪತಿಯ ಮಗಳು. ಊರ ಹೊರಗೆ ಇಲಿಸೋಸ್ ಎಂಬ ಸಣ್ಣ ನದಿ ಹರಿಯುತ್ತಿತ್ತು. ಅದರ ದಂಡೆಯಲ್ಲಿ ಗೆಳತಿಯರ ಜೊತೆ ಆಡುತ್ತಿದ್ದಾಗ ಬೋರಿಯಾಸ್ ಬಂದು ಅವಳನ್ನು ಎತ್ತಿಕೊಂಡು ಹೋದ. ಕಪ್ಪು ಮೋಡ ಹೊದಿಸಿ ಥ್ರೇಸ್‌ಗೆ ಒಯ್ದು ಹೆಂಡತಿ ಮಾಡಿಕೊಂಡ. ಇನ್ನೊಂದು ಪಾಠದಲ್ಲಿ ಜಾಗ ಬೇರೆ. ಅಥೀನಾ ದೇವಿಯ ಮೆರವಣಿಗೆಯಲ್ಲಿ ತಲೆ ಮೇಲೆ ಬುಟ್ಟಿ ಹೊತ್ತು ಬೆಟ್ಟ ಹತ್ತುತ್ತಿದ್ದ ಅವಳನ್ನು ಎಲ್ಲರ ಎದುರಿಗೇ ಹಾರಿಸಿಕೊಂಡು ಹೋದ ಅನ್ನುತ್ತದೆ ಅದು.

ರೋಮನ್ ಕವಿ ಓವಿಡ್ ಇದಕ್ಕೆ ಒಂದು ಹಿನ್ನೆಲೆ ಸೇರಿಸಿದ. ಅವನ ಪ್ರಕಾರ ಬೋರಿಯಾಸ್ ಮೊದಲು ಮರ್ಯಾದೆಯಿಂದಲೇ ಹೆಣ್ಣು ಕೇಳಿದ್ದ. ಆದರೆ ಥ್ರೇಸ್‌ನವರು ಅಂದರೆ ಅಥೆನ್ಸ್‌ನವರಿಗೆ ಆಗದು. ಅದಕ್ಕೆ ಹಿಂದೆ ಥ್ರೇಸ್ ರಾಜ ಟೀರಿಯಸ್ ಅಥೆನ್ಸ್‌ನ ಇಬ್ಬರು ರಾಜಕುಮಾರಿಯರಿಗೆ ಮಾಡಿದ ಘೋರ ಅನ್ಯಾಯ ಕಾರಣ. ಕೇಳಿ ಕೇಳಿ ಸಾಕಾಗಿ ಬೋರಿಯಾಸ್ ಕೆರಳುತ್ತಾನೆ. ಕಡಲನ್ನು ಕಲಕುವವನು, ಓಕ್ ಮರಗಳನ್ನು ಬುಡಮೇಲು ಮಾಡುವವನು, ಹಿಮವನ್ನು ಗಟ್ಟಿ ಮಾಡುವವನು ನಾನು, ನನಗೇಕೆ ಈ ಬೇಡುವ ಕೆಲಸ ಅಂದುಕೊಳ್ಳುತ್ತಾನೆ. ಎರೆಕ್ಥಿಯಸ್‌ನನ್ನು ಮಾವನಾಗು ಅಂತ ಕೇಳಬಾರದಿತ್ತು, ಮಾವನನ್ನಾಗಿ ಮಾಡಿಕೊಂಡುಬಿಡಬೇಕಿತ್ತು ಅನ್ನುವುದು ಅವನ ತೀರ್ಮಾನ. ಆಮೇಲೆ ಧೂಳಿನ ಸೆರಗನ್ನು ಬೆಟ್ಟಗಳ ಮೇಲೆ ಎಳೆಯುತ್ತಾ ಹೊರಡುತ್ತಾನೆ.

ಇದು ಅಪಹರಣ. ಇದನ್ನು ಪ್ರೇಮಕತೆ ಅಂತ ಯಾಕೆ ಹೇಳುತ್ತಾರೆ?

ಹೇಳಬಾರದು. ಹುಡುಗಿಯ ಒಪ್ಪಿಗೆಯ ಮಾತು ಯಾವ ಪಾಠದಲ್ಲೂ ಬರುವುದಿಲ್ಲ. ಹೂಜಿಗಳ ಮೇಲೆ ಅವಳು ಓಡುತ್ತಾಳೆ, ಕೈ ಚಾಚಿ ಸಹಾಯ ಕೇಳುತ್ತಾಳೆ. ಓವಿಡ್ ಕೂಡ ಅವಳು ಹೆದರಿ ನಡುಗುತ್ತಿದ್ದಳು ಅಂತಲೇ ಬರೆದಿದ್ದಾನೆ.

ಆದರೆ ಅಥೆನ್ಸ್‌ನವರು ಇದನ್ನು ಅವಮಾನದ ಕತೆ ಅಂತ ಮುಚ್ಚಿಡಲಿಲ್ಲ ಅನ್ನುವುದೇ ಸ್ವಾರಸ್ಯ. ಬದಲಿಗೆ ಅದರಿಂದ ಒಂದು ಸಂಬಂಧ ಕಟ್ಟಿಕೊಂಡರು. ನಮ್ಮ ರಾಜನ ಮಗಳು ಅವನ ಮನೆಯಲ್ಲಿದ್ದಾಳೆ, ಹಾಗಾಗಿ ಅವನು ನಮ್ಮ ಅಳಿಯ, ಅಳಿಯನಾದ ಮೇಲೆ ನಮ್ಮ ಕಷ್ಟಕ್ಕೆ ಬರಲೇಬೇಕು. ಇದು ಅವರ ಲೆಕ್ಕ. ಹುಡುಗಿಯನ್ನು ಯಾರೂ ಕೇಳಲಿಲ್ಲ, ಲಾಭ ಮಾತ್ರ ಊರಿಗೆಲ್ಲ ಬಂತು. ನನ್ನನ್ನು ಕೇಳಿದರೆ ಬೋರಿಯಾಸ್‌ನ ಇಡೀ ಪುರಾಣಕ್ಕೆ ಕೀಲಿಕೈ ಈ ನೆಂಟಸ್ತಿಕೆಯೇ.

ಸಾಕ್ರೆಟಿಸ್ ಈ ಕತೆ ನಂಬಿದ್ದನೇ?

ಪ್ಲೇಟೋ ಬರೆದ ಫೀಡ್ರಸ್ ಸಂವಾದ ನಡೆಯುವುದೇ ಇಲಿಸೋಸ್ ದಂಡೆಯಲ್ಲಿ. ಬೇಸಿಗೆ ಮಧ್ಯಾಹ್ನ. ಸಾಕ್ರೆಟಿಸ್, ಗೆಳೆಯ ಫೀಡ್ರಸ್ ಬರಿಗಾಲಲ್ಲಿ ನೀರಿನಲ್ಲಿ ನಡೆಯುತ್ತಿದ್ದಾರೆ. ಬೋರಿಯಾಸ್ ಒರೈಥೀಯಾಳನ್ನು ಹೊತ್ತೊಯ್ದದ್ದು ಇಲ್ಲೇ ಅಲ್ವಾ, ನೀರು ಎಷ್ಟು ತಿಳಿಯಾಗಿದೆ, ಹುಡುಗಿಯರು ಆಡುವುದಕ್ಕೆ ಹೇಳಿ ಮಾಡಿಸಿದ ಜಾಗ ಅಂತ ಫೀಡ್ರಸ್ ಕೇಳುತ್ತಾನೆ. ಇಲ್ಲಲ್ಲ, ಎರಡು ಮೂರು ಸ್ಟೇಡ್ ಕೆಳಗೆ, ನದಿ ದಾಟುವ ಕಡೆ, ಅಲ್ಲಿ ಬೋರಿಯಾಸ್‌ನ ಬಲಿಪೀಠವೂ ಇದೆ ಅನ್ನುತ್ತಾನೆ ಸಾಕ್ರೆಟಿಸ್. ನಮ್ಮ ಲೆಕ್ಕದಲ್ಲಿ ಅರ್ಧ ಕಿಲೋಮೀಟರ್ ಆಸುಪಾಸು. ಫೀಡ್ರಸ್‌ಗೆ ಆ ಬಲಿಪೀಠ ಕಣ್ಣಿಗೇ ಬಿದ್ದಿಲ್ಲ.

ನೀನು ಈ ಕತೆ ನಿಜ ಅಂತ ನಂಬುತ್ತೀಯಾ ಎಂದು ಅವನು ನೇರವಾಗಿ ಕೇಳಿಬಿಡುತ್ತಾನೆ. ಸಾಕ್ರೆಟಿಸ್ ಉತ್ತರ ಮಜವಾಗಿದೆ. ಬುದ್ಧಿವಂತರ ಹಾಗೆ ನಾನೂ ಹೇಳಬಹುದು, ಫಾರ್ಮಕಿಯಾ ಎಂಬ ಗೆಳತಿಯ ಜೊತೆ ಆಡುತ್ತಿದ್ದಾಗ ಗಾಳಿ ಬೀಸಿ ಅವಳನ್ನು ಬಂಡೆಯಿಂದ ಕೆಳಗೆ ತಳ್ಳಿತು, ಸತ್ತಳು, ಜನ ಅದನ್ನೇ ಬೋರಿಯಾಸ್ ಒಯ್ದ ಅಂದರು ಅಂತ. ಆದರೆ ಒಂದು ಕತೆಗೆ ಹೀಗೆ ಕಾರಣ ಹುಡುಕಿದರೆ, ಕುದುರೆ ಮೈಯ ಮನುಷ್ಯರಿಗೂ ರೆಕ್ಕೆಯ ಕುದುರೆಗಳಿಗೂ ಹುಡುಕುತ್ತಾ ಕೂರಬೇಕು. ನನಗೆ ಅಷ್ಟು ಪುರುಸೊತ್ತಿಲ್ಲ, ನನ್ನನ್ನು ನಾನೇ ಇನ್ನೂ ಅರಿತಿಲ್ಲ, ಜನ ನಂಬಿದ್ದನ್ನು ಒಪ್ಪಿಕೊಂಡು ಸುಮ್ನೆ ಇರುತ್ತೇನೆ. ಇದು ಅವನ ಮಾತಿನ ಸಾರ. ಪುರಾಣದಲ್ಲಿ ವಿಜ್ಞಾನ ಹುಡುಕುವವರಿಗೂ, ಪುರಾಣವನ್ನು ಗೇಲಿ ಮಾಡುವವರಿಗೂ ಇದಕ್ಕಿಂತ ಮೆತ್ತಗಿನ ಉತ್ತರ ನಾನು ಓದಿಲ್ಲ.

ಅಳಿಯ ಯುದ್ಧಕ್ಕೆ ಬಂದನೇ?

ಬಂದ ಅಂತಲೇ ಅಥೆನ್ಸ್‌ನವರು ಹೇಳುತ್ತಿದ್ದರು. ಇದು ಕ್ರಿ.ಪೂ. 480ರ ಮಾತು. ಪರ್ಷಿಯಾದ ದೊರೆ ಝರ್ಕ್ಸಿಸ್ ಭಾರೀ ಸೈನ್ಯ ಕಟ್ಟಿಕೊಂಡು ಗ್ರೀಸ್ ಮೇಲೆ ಬಂದಿದ್ದ. ಅವನ ಬಳಿ 1207 ಯುದ್ಧ ಹಡಗುಗಳಿದ್ದವು ಎಂದು ಇತಿಹಾಸಕಾರ ಹೆರೊಡೋಟಸ್ ಲೆಕ್ಕ ಕೊಡುತ್ತಾನೆ. ಈಗಿನ ಇತಿಹಾಸಕಾರರು ಅಷ್ಟು ಇರಲಿಕ್ಕಿಲ್ಲ ಅನ್ನುತ್ತಾರೆ. ಕಮ್ಮಿ ಅಂದರೂ ಗ್ರೀಕರ ಹಡಗುಗಳಿಗಿಂತ ಎಷ್ಟೋ ಜಾಸ್ತಿ.

ಅಂಥ ಹೊತ್ತಿನಲ್ಲಿ ಅಥೆನ್ಸ್‌ಗೆ ಒಂದು ದೈವವಾಣಿ ಬಂತಂತೆ: ನಿಮ್ಮ ಅಳಿಯನನ್ನು ಸಹಾಯಕ್ಕೆ ಕರೆಯಿರಿ. ಅಳಿಯ ಅಂದರೆ ಯಾರು? ಎರೆಕ್ಥಿಯಸ್‌ನ ಮಗಳ ಗಂಡ ಬೋರಿಯಾಸ್ ತಾನೇ ಅಂತ ಅವರು ಅರ್ಥ ಮಾಡಿಕೊಂಡರು. ಯುಬೀಯಾ ದ್ವೀಪದ ಕಾಲ್ಕಿಸ್‌ನಲ್ಲಿ ಅವರ ಹಡಗುಗಳು ನಿಂತಿದ್ದವು. ಗಾಳಿ ಏಳುವ ಸೂಚನೆ ಕಂಡ ಕೂಡಲೇ ಬೋರಿಯಾಸ್‌ಗೂ ಒರೈಥೀಯಾಗೂ ಬಲಿ ಕೊಟ್ಟು ಬೇಡಿಕೊಂಡರು. ಊರಲ್ಲಿ ಜಗಳವಾದಾಗ ಪೊಲೀಸ್ ಇಲಾಖೆಯಲ್ಲಿರುವ ಅಳಿಯನಿಗೆ ಫೋನ್ ಹಾಕಿದ ಹಾಗೆ. ಬಲಿ ಕೊಟ್ಟದ್ದು ಇಬ್ಬರಿಗೂ ಅನ್ನುವುದನ್ನು ಗಮನಿಸಿ. ಮಗಳನ್ನೂ ಬಿಡಲಿಲ್ಲ.

ಆಚೆ ಮ್ಯಾಗ್ನೀಸಿಯಾ ಕರಾವಳಿಯಲ್ಲಿ, ಸೀಪಿಯಾಸ್ ಭೂಶಿರದ ಹತ್ತಿರ ಪರ್ಷಿಯನ್ನರು ಲಂಗರು ಹಾಕಿದ್ದರು. ಅಲ್ಲಿ ದಂಡೆ ಚಿಕ್ಕದು. ಮೊದಲು ಬಂದ ಹಡಗುಗಳನ್ನು ದಡಕ್ಕೆ ಕಟ್ಟಿದರು. ಉಳಿದವು ಸಮುದ್ರದ ಕಡೆ ಮೂತಿ ಮಾಡಿ ಎಂಟು ಸಾಲು ನಿಂತವು. ರಾತ್ರಿ ಏನೂ ಆಗಲಿಲ್ಲ. ಬೆಳಕು ಹರಿಯುವಾಗ ಆಕಾಶ ಶುಭ್ರ, ಗಾಳಿ ಇಲ್ಲ. ಇದ್ದಕ್ಕಿದ್ದಂತೆ ಸಮುದ್ರ ಕುದಿಯತೊಡಗಿತು, ಬಿರುಗಾಳಿ ಬಿತ್ತು. ಮುಂಚೆಯೇ ಗಮನಿಸಿದವರು ಹಡಗನ್ನು ಮರಳಿನ ಮೇಲೆ ಎಳೆದುಕೊಂಡು ಬಚಾವಾದರು. ಉಳಿದವರದ್ದು ಬಂಡೆಗಳಿಗೆ ಬಡಿದು ಚೂರಾಯಿತು. ಕಮ್ಮಿ ಅಂದರೂ 400 ಹಡಗು ಹೋದವು, ಸತ್ತವರಿಗೆ, ಕಳೆದುಹೋದ ಸಂಪತ್ತಿಗೆ ಲೆಕ್ಕವಿಲ್ಲ ಅನ್ನುತ್ತಾನೆ ಹೆರೊಡೋಟಸ್. ಆ ಕರಾವಳಿಯಲ್ಲಿ ಜಮೀನಿದ್ದ ಅಮಿನೋಕ್ಲಿಸ್ ಎಂಬವನು ದಡಕ್ಕೆ ತೇಲಿಬಂದ ಚಿನ್ನ ಬೆಳ್ಳಿಯ ಬಟ್ಟಲುಗಳನ್ನು ಆಯ್ದು ಆಯ್ದು ಸಾಹುಕಾರನಾದನಂತೆ. ದುಡ್ಡು ಬಂದರೂ ಮನೆಯಲ್ಲಿ ಮಗುವಿನ ಸಾವಿನ ದುಃಖ ಅವನನ್ನು ಬಿಡಲಿಲ್ಲ ಅನ್ನುವ ಮಾತನ್ನೂ ಹೆರೊಡೋಟಸ್ ಸೇರಿಸುತ್ತಾನೆ.

ಹೆರೊಡೋಟಸ್ ಇದನ್ನೆಲ್ಲ ನಂಬಿದನೇ?

ಜಾಣ ಅವನು. ಬೋರಿಯಾಸ್ ಬಂದದ್ದು ಅಥೆನ್ಸ್‌ನವರ ಮೊರೆಯಿಂದಲೇ ಅಂತ ನಾನು ಹೇಳಲಾರೆ, ಆದರೆ ಅವರು ಹಾಗೆ ಹೇಳುತ್ತಾರೆ ಎಂದು ಬರೆದು ಜಾರಿಕೊಳ್ಳುತ್ತಾನೆ. ಬಿರುಗಾಳಿ ಮೂರು ದಿನ ಬೀಸಿ ನಾಲ್ಕನೇ ದಿನ ನಿಂತಿತು. ಪರ್ಷಿಯನ್ ಪುರೋಹಿತರು ಗಾಳಿಗೆ ಮಂತ್ರ ಹಾಕಿ, ಸಮುದ್ರ ದೇವತೆ ಥೆಟಿಸ್‌ಗೆ ಬಲಿ ಕೊಟ್ಟು ನಿಲ್ಲಿಸಿದರು ಅನ್ನುತ್ತಾನೆ. ಹಿಂದೆಯೇ, ಇಲ್ಲವೇ ಅದಕ್ಕೇ ಸಾಕು ಅನ್ನಿಸಿ ತಾನಾಗಿ ನಿಂತಿತು ಅಂತ ಒಂದು ಚುಚ್ಚು ಕೊಡುತ್ತಾನೆ. ಆ ಊರಿನವರು ಆ ಗಾಳಿಯನ್ನು ಬೋರಿಯಾಸ್ ಅನ್ನುತ್ತಿರಲಿಲ್ಲ, ಹೆಲೆಸ್ಪಾಂಟ್ ಜಲಸಂಧಿಯ ಕಡೆಯಿಂದ ಬರುವ ಗಾಳಿ ಅನ್ನುತ್ತಿದ್ದರು ಎಂಬುದನ್ನೂ ಅವನೇ ತಿಳಿಸುತ್ತಾನೆ.

ಹವಾಮಾನದ ದೃಷ್ಟಿಯಿಂದ ನೋಡಿದರೆ ಇದರಲ್ಲಿ ಪವಾಡ ಏನೂ ಬೇಕಿಲ್ಲ. ಏಜಿಯನ್ ಸಮುದ್ರದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಉತ್ತರದ ಗಾಳಿ ವಾರಗಟ್ಟಲೆ ಬೀಸುತ್ತದೆ. ಹಳೆಯ ಗ್ರೀಕರು ಇದನ್ನು ಎಟಿಸಿಯನ್ ಗಾಳಿ ಅಂದರು, ಈಗಿನವರು ಮೆಲ್ಟೆಮಿ ಅನ್ನುತ್ತಾರೆ. ಈ ಗಾಳಿ ಅಥೆನ್ಸ್‌ನವರಿಗೆ ಯಾವಾಗಲೂ ಅನುಕೂಲವಾಗಿರಲಿಲ್ಲ. ಮ್ಯಾಸಿಡೋನಿಯಾದ ದೊರೆ ಫಿಲಿಪ್ ಈ ಗಾಳಿಯ ಕಾಲ ನೋಡಿಕೊಂಡೇ ದಾಳಿ ಮಾಡುತ್ತಾನೆ, ಆಗ ನಮ್ಮ ಹಡಗುಗಳು ಉತ್ತರಕ್ಕೆ ಹೋಗಲಾಗುವುದಿಲ್ಲ ಎಂದು ಮುಂದೊಂದು ದಿನ ಅಥೆನ್ಸ್‌ನ ವಾಗ್ಮಿ ಡೆಮಾಸ್ತನೀಸ್ ತನ್ನ ಭಾಷಣದಲ್ಲಿ ಗೋಳಾಡುತ್ತಾನೆ. ಅಳಿಯ ಆಗ ಎದುರು ಪಕ್ಷದಲ್ಲಿದ್ದ ಅನ್ನಬೇಕು.

ಇದಕ್ಕೂ ಮುಂಚೆ ಅವನು ಪರ್ಷಿಯನ್ನರಿಗೆ ಕಾಟ ಕೊಟ್ಟಿದ್ದನೇ?

ಹೌದು. ಕ್ರಿ.ಪೂ. 492ರಲ್ಲಿ ಸೇನಾಪತಿ ಮಾರ್ಡೋನಿಯಸ್‌ನ ಹಡಗುಗಳು ಆಥೋಸ್ ಬೆಟ್ಟವನ್ನು ಸುತ್ತಿ ಬರುವಾಗ ಉತ್ತರದ ಬಿರುಗಾಳಿಗೆ ಸಿಕ್ಕವು. ಸುಮಾರು 300 ಹಡಗು, 20,000ಕ್ಕೂ ಹೆಚ್ಚು ಜನ ಹೋದರು. ಕೆಲವರನ್ನು ಸಮುದ್ರದ ಪ್ರಾಣಿಗಳು ತಿಂದವು, ಕೆಲವರಿಗೆ ಈಜು ಬರುತ್ತಿರಲಿಲ್ಲ, ಕೆಲವರು ಚಳಿಗೇ ಸತ್ತರು. ಆ ಪಾಠ ನೆನಪಿದ್ದಕ್ಕೇ ಝರ್ಕ್ಸಿಸ್ ಆಥೋಸ್‌ನ ಬುಡದಲ್ಲಿ ನೆಲ ಕಡಿದು ಕಾಲುವೆ ತೋಡಿಸಿದ. ಎರಡು ಕಿಲೋಮೀಟರ್ ಉದ್ದದ ಆ ಕಾಲುವೆಯ ಗುರುತು ಇಂದಿಗೂ ಮಣ್ಣಿನಡಿ ಸಿಕ್ಕಿದೆ. ಅಲ್ಲಿ ತಪ್ಪಿಸಿಕೊಂಡವರು ಸೀಪಿಯಾಸ್‌ನಲ್ಲಿ ಸಿಕ್ಕಿಬಿದ್ದರು.

ಯುದ್ಧ ಮುಗಿದ ಮೇಲೆ ಅಥೆನ್ಸ್ ಏನು ಮಾಡಿತು?

ಇಲಿಸೋಸ್ ದಂಡೆಯಲ್ಲಿ ಬೋರಿಯಾಸ್‌ಗೆ ಗುಡಿ ಕಟ್ಟಿತು. ಅಥೆನ್ಸ್‌ನ ಕುಂಬಾರರು ಒರೈಥೀಯಾ ಕತೆಯನ್ನು ಹೂಜಿಗಳ ಮೇಲೆ ಬರೆದದ್ದು ಬಹುಪಾಲು 480ರ ನಂತರ. ಕತೆ ಹಳೆಯದೇ ಇರಬಹುದು, ಆದರೆ ಅದಕ್ಕೆ ಬೇಡಿಕೆ ಬಂದದ್ದು ಗೆಲುವಿನ ಮೇಲೆ. ಆ ಶತಮಾನದ ಕೊನೆಯ ಭಾಗದಲ್ಲಿ ಡೀಲೋಸ್ ದ್ವೀಪದಲ್ಲಿ ಅಥೆನ್ಸ್‌ನವರು ಕಟ್ಟಿಸಿದ ಗುಡಿಯ ನೆತ್ತಿಯ ಮೇಲೂ ಬೋರಿಯಾಸ್ ಒರೈಥೀಯಾಳನ್ನು ಎತ್ತಿಕೊಂಡ ಶಿಲ್ಪವೇ ಇತ್ತು.

ಬೇರೆ ಊರಿನವರೂ ಅವನನ್ನು ಪೂಜಿಸುತ್ತಿದ್ದರೇ?

ಪೂಜಿಸುತ್ತಿದ್ದರು, ಅದೂ ಇಂಥದೇ ಕಾರಣಕ್ಕೆ. ಇಟಲಿಯ ದಕ್ಷಿಣದಲ್ಲಿ ಥುರಿ ಎಂಬ ಗ್ರೀಕ್ ಊರಿತ್ತು. ಸಿರಕೂಸ್‌ನ ಸರ್ವಾಧಿಕಾರಿ ಡಯೊನೀಸಿಯಸ್ 300 ಹಡಗು ತುಂಬಾ ಸೈನಿಕರನ್ನು ಕಟ್ಟಿಕೊಂಡು ಅದರ ಮೇಲೆ ಬಂದ. ಉತ್ತರ ಗಾಳಿ ಎದುರಾಗಿ ಬೀಸಿ ಹಡಗುಗಳನ್ನು ಒಡೆದು ಹಾಕಿತು. ಥುರಿಯವರು ಪೂಜೆ ಮಾಡಿ ಸುಮ್ಮನಾಗಲಿಲ್ಲ. ಬೋರಿಯಾಸ್‌ಗೆ ತಮ್ಮ ಊರಿನ ಪೌರತ್ವ ಕೊಟ್ಟರು, ಒಂದು ಮನೆ ಕೊಟ್ಟರು, ಜಮೀನನ್ನೂ ಬಿಟ್ಟುಕೊಟ್ಟರು, ವರ್ಷ ವರ್ಷ ಹಬ್ಬ ಮಾಡಿದರು. ಅಥೆನ್ಸ್‌ನವರಿಗಿಂತ ನಾವೇ ಅವನಿಗೆ ಹತ್ತಿರದವರು ಅನ್ನುವ ಪೈಪೋಟಿಯೂ ಇದ್ದಿರಬೇಕು ಅನ್ನಿಸುತ್ತದೆ ನನಗೆ. ಗ್ರೀಸ್‌ನ ಮೆಗಲೋಪೊಲಿಸ್‌ನವರು ಕೂಡ, ಸ್ಪಾರ್ಟಾದವರು ಮುತ್ತಿಗೆ ಹಾಕಿದಾಗ ಅವರ ಗೋಡೆ ಒಡೆಯುವ ಯಂತ್ರವನ್ನು ಗಾಳಿಯೇ ಮುರಿದು ಹಾಕಿತೆಂದು ಬೋರಿಯಾಸ್‌ಗೆ ಪ್ರತಿ ವರ್ಷ ಬಲಿ ಕೊಡುತ್ತಿದ್ದರು.

ಅವನ ಮಕ್ಕಳು ಯಾರು?

ಒರೈಥೀಯಾಗೆ ಇಬ್ಬರು ಗಂಡು, ಇಬ್ಬರು ಹೆಣ್ಣು. ಗಂಡುಮಕ್ಕಳು ಜೀಟೀಸ್, ಕಲಾಯಿಸ್ ಅವಳಿಗಳು. ಇಬ್ಬರಿಗೂ ರೆಕ್ಕೆ. ಹುಟ್ಟುವಾಗ ಇರಲಿಲ್ಲ, ಮೀಸೆ ಗಡ್ಡ ಮೂಡುವ ವಯಸ್ಸಿಗೆ ರೆಕ್ಕೆಯೂ ಮೂಡಿತು ಅನ್ನುತ್ತಾನೆ ಓವಿಡ್. ಜೇಸನ್ ಎಂಬ ವೀರನ ಜೊತೆ ಆರ್ಗೋ ಹಡಗಿನಲ್ಲಿ ಚಿನ್ನದ ಉಣ್ಣೆ ತರಲು ಹೊರಟವರಲ್ಲಿ ಇವರೂ ಇದ್ದರು.

ದಾರಿಯಲ್ಲಿ ಫಿನಿಯಸ್ ಎಂಬ ಕುರುಡ ಮುದುಕ ಸಿಗುತ್ತಾನೆ. ಭವಿಷ್ಯ ಹೇಳುವವನು, ಹೇಳಬಾರದ್ದನ್ನೂ ಹೇಳಿ ಜಿಯಸ್ ಕೋಪಕ್ಕೆ ಗುರಿಯಾದವನು. ಅವನ ಮುಂದೆ ಊಟ ಇಟ್ಟರೆ ಸಾಕು, ಹಾರ್ಪಿ ಎಂಬ ಹಕ್ಕಿ ಮೈಯ ಹೆಣ್ಣುಗಳು ಎರಗಿ ಕಿತ್ತುಕೊಳ್ಳುತ್ತವೆ. ಉಳಿದ ತುತ್ತಿಗೆ ಮೂಗು ಮುಚ್ಚಿಕೊಳ್ಳಬೇಕಾದ ನಾತ ಬಿಟ್ಟು ಹೋಗುತ್ತವೆ. ಮುದುಕ ಎಲುಬಿನ ಹಂದರ ಆಗಿದ್ದಾನೆ. ಬೋರಿಯಾಸ್‌ನ ಮಕ್ಕಳು ಬಂದು ಬಿಡಿಸುತ್ತಾರೆ ಅಂತ ಅವನಿಗೆ ಮೊದಲೇ ಗೊತ್ತು. ಅವರು ಬೇರೆ ಯಾರೋ ಅಲ್ಲ, ಅವನ ಹೆಂಡತಿ ಕ್ಲಿಯೋಪಾತ್ರಾಳ ತಮ್ಮಂದಿರು. ಇಲ್ಲೂ ನೆಂಟಸ್ತಿಕೆ! ಅಣ್ಣತಮ್ಮ ಕತ್ತಿ ಹಿರಿದು ಹಾರುತ್ತಾರೆ, ಹಾರ್ಪಿಗಳನ್ನು ಸಮುದ್ರದ ಮೇಲೆ ಅಟ್ಟಿಸಿಕೊಂಡು ಹೋಗುತ್ತಾರೆ. ಇನ್ನೇನು ಹಿಡಿಯಬೇಕು ಅನ್ನುವಾಗ ಕಾಮನಬಿಲ್ಲಿನ ದೇವತೆ ಐರಿಸ್ ಅಡ್ಡ ಬಂದು, ಇನ್ನು ಅವು ತೊಂದರೆ ಕೊಡುವುದಿಲ್ಲ ಅಂತ ಆಣೆ ಮಾಡುತ್ತಾಳೆ. ಅವರು ತಿರುಗಿ ಬಂದ ಜಾಗವೇ ಸ್ಟ್ರೋಫಡೀಸ್ ದ್ವೀಪಗಳು.

ಫಿನಿಯಸ್‌ಗೆ ಇನ್ನೊಂದು ಮುಖವೂ ಇದೆ. ಸೊಫೋಕ್ಲಿಸ್‌ನ ಆಂಟಿಗನಿ ನಾಟಕದಲ್ಲಿ ಅವನ ಎರಡನೇ ಹೆಂಡತಿ, ಮೊದಲ ಹೆಂಡತಿ ಕ್ಲಿಯೋಪಾತ್ರಾಳ ಗಂಡುಮಕ್ಕಳ ಕಣ್ಣು ಕೀಳುತ್ತಾಳೆ. ಅಪ್ಪನ ಬಿರುಗಾಳಿಗಳ ನಡುವೆ ದೂರದ ಗುಹೆಗಳಲ್ಲಿ ಬೆಳೆದ ದೇವರ ಮಗಳಿಗೂ ವಿಧಿ ತಪ್ಪಲಿಲ್ಲ ಅಂತ ಮೇಳದವರು ಹಾಡುತ್ತಾರೆ.

ಅವಳಿಗಳ ಕೊನೆ ಒಳ್ಳೆಯದಾಗಲಿಲ್ಲ. ದಾರಿಯಲ್ಲಿ ಹೆರಾಕ್ಲಿಸ್‌ನನ್ನು ಬಿಟ್ಟು ಹಡಗು ಮುಂದೆ ಹೋಗಿಬಿಟ್ಟಿತ್ತು. ಅವನಿಗಾಗಿ ತಿರುಗಿ ಹೋಗುವುದು ಬೇಡ ಅಂದವರು ಇವರು. ಆ ಸೇಡಿಗೆ ಹೆರಾಕ್ಲಿಸ್ ಟೀನೋಸ್ ದ್ವೀಪದಲ್ಲಿ ಇಬ್ಬರನ್ನೂ ಕೊಂದು, ಸಮಾಧಿಯ ಮೇಲೆ ಎರಡು ಕಂಬ ನೆಟ್ಟ. ಅವುಗಳಲ್ಲಿ ಒಂದು ಉತ್ತರ ಗಾಳಿ ಬೀಸಿದಾಗ ಅಲ್ಲಾಡುತ್ತಿತ್ತಂತೆ.

ಇನ್ನೊಬ್ಬ ಮಗಳು ಕಿಯೋನಿ. ಸಮುದ್ರ ದೇವರು ಪೊಸೈಡನ್‌ನಿಂದ ಅವಳಿಗೆ ಯುಮೋಲ್ಪಸ್ ಹುಟ್ಟಿದ.

ಬೋರಿಯಾಸ್‌ಗೂ ಕುದುರೆಗಳಿಗೂ ಏನು ಸಂಬಂಧ?

ಇಲಿಯಡ್‌ನಲ್ಲಿ ಟ್ರಾಯ್ ರಾಜವಂಶದ ಎರಿಕ್ಥೋನಿಯಸ್‌ಗೆ 3000 ಹೆಣ್ಣು ಕುದುರೆಗಳು. ಅವು ಹುಲ್ಲುಗಾವಲಲ್ಲಿ ಮೇಯುವಾಗ ಬೋರಿಯಾಸ್ ಕಂಡು ಮೋಹಗೊಂಡ. ಕಪ್ಪು ಕೇಸರದ ಗಂಡು ಕುದುರೆಯಾಗಿ ಬಂದು ಅವುಗಳನ್ನು ಕೂಡಿದ. 12 ಮರಿಗಳು ಹುಟ್ಟಿದವು. ಹೊಲದಲ್ಲಿ ಓಡಿದರೆ ತೆನೆಯ ತುದಿ ಮುರಿಯುತ್ತಿರಲಿಲ್ಲ, ಸಮುದ್ರದಲ್ಲಿ ಓಡಿದರೆ ಅಲೆಯ ನೊರೆಯ ಮೇಲೇ ಹೋಗುತ್ತಿದ್ದವು.

ಹೋಮರ್‌ನಲ್ಲಿ ಅವನು ಒಳ್ಳೆಯವನೋ ಕೆಟ್ಟವನೋ?

ಎರಡೂ. ಒಡಿಸ್ಸಿಯಸ್ ಮನೆ ಹತ್ತಿರ ಬಂದಿದ್ದಾಗ ಮಾಲಿಯಾ ಭೂಶಿರದ ಬಳಿ ದಾರಿ ತಪ್ಪಿಸಿ ದೂರ ತಳ್ಳಿದ್ದು ಬೋರಿಯಾಸ್. ವರ್ಷಗಳ ನಂತರ ಅವನ ತೆಪ್ಪ ಒಡೆದುಹೋದಾಗ ಅಥೀನಾ ಉಳಿದ ಗಾಳಿಗಳನ್ನೆಲ್ಲ ಕಟ್ಟಿಹಾಕಿ ಬೋರಿಯಾಸ್ ಒಬ್ಬನನ್ನೇ ಬಿಡುತ್ತಾಳೆ. ಅವನು ಎದುರಿನ ಅಲೆಗಳನ್ನು ಮುರಿದು ಒಡಿಸ್ಸಿಯಸ್‌ನನ್ನು ದಡದ ಕಡೆ ಸಾಗಿಸುತ್ತಾನೆ.

ಟ್ರಾಯ್ ಯುದ್ಧದಲ್ಲಿ ಪಟ್ರೋಕ್ಲಸ್ ಎಂಬ ಗ್ರೀಕ್ ವೀರ ಸತ್ತಾಗ ಚಿತೆ ಹೊತ್ತಿಕೊಳ್ಳುವುದಿಲ್ಲ. ಗೆಳೆಯ ಅಕಿಲೀಸ್ ಚಿನ್ನದ ಬಟ್ಟಲಿನಲ್ಲಿ ಮದ್ಯ ಸುರಿದು ಬೋರಿಯಾಸ್, ಝೆಫಿರಸ್ ಇಬ್ಬರನ್ನೂ ಬೇಡುತ್ತಾನೆ. ಸುದ್ದಿ ಮುಟ್ಟಿಸಲು ಐರಿಸ್ ಹೋದರೆ, ಗಾಳಿಗಳೆಲ್ಲ ಎದ್ದು ನಿಂತು ನನ್ನ ಪಕ್ಕ ಕೂರು, ನನ್ನ ಪಕ್ಕ ಕೂರು ಅಂತ ಕರೆಯುತ್ತವೆ. ಅವಳು ಕೂರದೆ ವಿಷಯ ಹೇಳಿ ಹೊರಡುತ್ತಾಳೆ. ಇಬ್ಬರೂ ಸಮುದ್ರ ದಾಟಿ ಬಂದು ಇಡೀ ರಾತ್ರಿ ಚಿತೆಯ ಬೆಂಕಿ ಊದಿ, ಬೆಳಗಾದ ಮೇಲೆ ಥ್ರೇಸ್ ಕಡಲಿನ ಮೇಲೆ ಮನೆಗೆ ಮರಳುತ್ತಾರೆ.

ಸಾಮಾನ್ಯ ರೈತನಿಗೆ ಬೋರಿಯಾಸ್ ಅಂದರೆ ಏನು?

ಹೆಸಿಯಡ್ ಸ್ವತಃ ಬೇಸಾಯಗಾರ. ಬೊಯೋಷಿಯಾದ ಬೆಟ್ಟದ ಬದಿಯ ಹಳ್ಳಿಯವನು. ಜನವರಿ ಫೆಬ್ರವರಿಯ ಲೆನಾಯನ್ ತಿಂಗಳ ಬಗ್ಗೆ ಅವನು ಬರೆದದ್ದು ಓದಿದರೆ ಮೈ ನಡುಗುತ್ತದೆ. ಬೋರಿಯಾಸ್ ಥ್ರೇಸ್ ಮೇಲಿಂದ ಬೀಸುತ್ತಾನೆ, ಕಾಡು ಮೊರೆಯುತ್ತದೆ, ಓಕ್, ಪೈನ್ ಮರಗಳು ನೆಲಕ್ಕೆ ಉರುಳುತ್ತವೆ. ಕಾಡುಪ್ರಾಣಿಗಳು ಬಾಲವನ್ನು ಕಾಲ ಸಂದಿಗೆ ಸೇರಿಸಿ ನಿಲ್ಲುತ್ತವೆ. ಎತ್ತಿನ ಚರ್ಮ, ಮೇಕೆಯ ಕೂದಲು ದಾಟಿ ಗಾಳಿ ಒಳಗೆ ಇಳಿಯುತ್ತದೆ. ಕುರಿಗೆ ಮಾತ್ರ ತಾಗುವುದಿಲ್ಲ, ಅದರ ಉಣ್ಣೆ ಅಷ್ಟು ದಟ್ಟ. ಮುದುಕರನ್ನು ಗಾಲಿಯಂತೆ ಬಾಗಿಸುತ್ತದೆ. ಒಳಮನೆಯಲ್ಲಿ ಅಮ್ಮನ ಜೊತೆ ಬೆಚ್ಚಗಿರುವ ಹುಡುಗಿಗೆ ಏನೂ ಆಗುವುದಿಲ್ಲ. ಆಮೇಲೆ ಸಲಹೆ: ಒಳಗೆ ಉದ್ದನೆಯ ಅಂಗಿ, ಮೇಲೆ ಮೆತ್ತನೆಯ ಹೊದಿಕೆ, ಎತ್ತಿನ ಚರ್ಮದ ಪಾದರಕ್ಷೆ, ಅದರೊಳಗೆ ಉಣ್ಣೆಯ ಪದರ, ಕಿವಿ ಒದ್ದೆಯಾಗದಂತೆ ಟೋಪಿ. ಪುರಾಣದ ಪುಟದಲ್ಲಿ ಇಷ್ಟು ಕಾಳಜಿ ಸಿಗುವುದು ಅಪರೂಪ.

ಹೈಪರ್‌ಬೋರಿಯನ್ನರು ಅಂದರೆ?

ಬೋರಿಯಾಸ್‌ನ ಆಚೆಗೆ ಇರುವವರು. ಚಳಿಗಾಳಿಯ ಮನೆಯನ್ನೂ ದಾಟಿ ಹೋದರೆ ಅಲ್ಲಿ ಚಳಿಯೇ ಇಲ್ಲದ ಒಂದು ನಾಡಿದೆ, ಅಲ್ಲಿನವರಿಗೆ ರೋಗ ಮುಪ್ಪು ಇಲ್ಲ ಅಂತ ಗ್ರೀಕರು ಕಲ್ಪಿಸಿಕೊಂಡಿದ್ದರು. ಅಪೋಲೋ ಚಳಿಗಾಲ ಕಳೆಯಲು ಅಲ್ಲಿಗೆ ಹೋಗುತ್ತಿದ್ದ. ಹಡಗಿನಲ್ಲೂ ಕಾಲ್ನಡಿಗೆಯಲ್ಲೂ ಆ ದಾರಿ ಸಿಗದು ಎಂದಿದ್ದಾನೆ ಕವಿ ಪಿಂಡಾರ್.

ನಮ್ಮ ವಾಯುದೇವರಿಗೂ ಬೋರಿಯಾಸ್‌ಗೂ ಹೋಲಿಕೆ ಇದೆಯೇ?

ಮೇಲ್ನೋಟಕ್ಕೆ ಇದೆ, ಒಳಗೆ ಹೋದರೆ ಕಮ್ಮಿ. ವಾಯು ಒಬ್ಬನೇ, ಎಲ್ಲ ಗಾಳಿಯೂ ಅವನೇ, ಉಸಿರೂ ಅವನೇ. ಮಾಧ್ವರಲ್ಲಂತೂ ಅವನು ಮುಖ್ಯಪ್ರಾಣ. ಬೋರಿಯಾಸ್ ಒಂದು ದಿಕ್ಕಿನ ಗಾಳಿ ಮಾತ್ರ. ನಮ್ಮ ದಿಕ್ಪಾಲಕರಲ್ಲಿ ವಾಯುವಿನದು ವಾಯವ್ಯ, ಉತ್ತರ ಕುಬೇರನ ಪಾಲು. ಆದರೂ ಒಂದು ಕಡೆ ಬೋರಿಯಾಸ್ ಉಸಿರು ಕೊಡುತ್ತಾನೆ. ಟ್ರಾಯ್ ಯುದ್ಧದಲ್ಲಿ ಸರ್ಪೀಡಾನ್ ಎಂಬ ವೀರ ಗಾಯಗೊಂಡು ಪ್ರಜ್ಞೆ ತಪ್ಪುತ್ತಾನೆ. ಆಗ ಬೋರಿಯಾಸ್‌ನ ಗಾಳಿ ಮೈಗೆ ಸೋಕಿ ಅವನ ಜೀವ ಮರಳುತ್ತದೆ.

ಗ್ರೀಕ್ ಗಾಳಿ ದೇವರ ಚಿತ್ರ ಭಾರತದ ಗಡಿಯವರೆಗೂ ಬಂದದ್ದು ನಿಜ. ಕುಶಾನರ ಕನಿಷ್ಕನ ನಾಣ್ಯಗಳಲ್ಲಿ ಗ್ರೀಕ್ ಅಕ್ಷರಗಳಲ್ಲಿ ಓಆದೋ ಎಂದು ಬರೆದ ಗಾಳಿ ದೇವರಿದ್ದಾನೆ. ಹೆಸರು ಇರಾನಿನ ಕಡೆಯದು. ಕೆದರಿದ ಕೂದಲು, ಗಾಳಿ ತುಂಬಿದ ಮೇಲುಹೊದಿಕೆ ಹಿಡಿದು ಓಡುವ ಭಂಗಿ ಗ್ರೀಕರದು.

ರೋಮನ್ನರ ಅಕ್ವಿಲೋ ಬೇರೆ ದೇವರೇ?

ಅಳಿಯ ಅಲ್ಲ, ಮಗಳ ಗಂಡ. ಬೋರಿಯಾಸ್‌ನನ್ನೇ ರೋಮನ್ನರು ಅಕ್ವಿಲೋ ಅಂದರು.

ಸೂರ್ಯನ ಜೊತೆ ಪಂದ್ಯ ಕಟ್ಟಿದ ಗಾಳಿ ಇವನೇನಾ?

ಇವನೇ. ಈಸೋಪನ ಕತೆಯಲ್ಲಿ ದಾರಿಹೋಕನ ಹೊದಿಕೆ ತೆಗೆಸಲು ಹೋಗಿ ಸೋಲುವ ಗಾಳಿ ಬೋರಿಯಾಸ್. ಜಗತ್ತಿನ ಭಾಷೆಗಳ ಉಚ್ಚಾರಣೆ ದಾಖಲಿಸುವ ಅಂತರರಾಷ್ಟ್ರೀಯ ಧ್ವನಿವಿಜ್ಞಾನ ಸಂಘ ಮಾದರಿ ಪಾಠವಾಗಿ ಇದೇ ಕತೆಯನ್ನು ಬಳಸುತ್ತದೆ. ಹಾಗಾಗಿ ಬೋರಿಯಾಸ್ ಸೋತ ಸುದ್ದಿ ಎಷ್ಟೋ ಭಾಷೆಗಳಲ್ಲಿ ದಾಖಲಾಗಿದೆ, ಪಾಪ.

ಇವತ್ತು ಅಥೆನ್ಸ್‌ಗೆ ಹೋದರೆ ಅವನನ್ನು ನೋಡಬಹುದೇ?

ನೋಡಬಹುದು. ಇಲಿಸೋಸ್ ದಂಡೆಯ ಗುಡಿ ಹುಡುಕಬೇಡಿ. ನದಿಯೇ ಈಗ ಬಹುಪಾಲು ರಸ್ತೆಗಳ ಕೆಳಗಿದೆ. ಅಕ್ರೊಪೊಲಿಸ್ ಬೆಟ್ಟದ ಉತ್ತರಕ್ಕೆ, ರೋಮನ್ ಮಾರುಕಟ್ಟೆಯ ಅವಶೇಷಗಳ ಪಕ್ಕದಲ್ಲಿ ಗಾಳಿಗಳ ಗೋಪುರ ಇದೆ, ಅಲ್ಲಿಗೆ ಹೋಗಿ. ಎಂಟು ಮೂಲೆ, ಸುಮಾರು 12 ಮೀಟರ್ ಎತ್ತರ, ಪೂರ್ತಿ ಅಮೃತಶಿಲೆ. ಕಿರಸ್ ಊರಿನ ಆಂಡ್ರೊನಿಕಸ್ ಎಂಬ ಖಗೋಳಜ್ಞ ಕಟ್ಟಿಸಿದ್ದು. ಹೊರಗೋಡೆಯಲ್ಲಿ ನೆರಳು ಗಡಿಯಾರಗಳು, ಒಳಗೆ ನೀರಿನ ಗಡಿಯಾರ. ನೆತ್ತಿಯ ಮೇಲೆ ಟ್ರೈಟನ್ ಎಂಬ ಸಮುದ್ರ ದೇವರ ಕಂಚಿನ ಬೊಂಬೆ ತಿರುಗುತ್ತಾ, ಕೈಕೋಲಿನಿಂದ ಗಾಳಿ ಬೀಸುವ ಕಡೆ ತೋರಿಸುತ್ತಿತ್ತು. ಬೊಂಬೆ ಈಗಿಲ್ಲ.

ಎಂಟು ಮುಖದ ಮೇಲುಗಡೆ ಎಂಟು ಗಾಳಿಗಳು ಅಡ್ಡಡ್ಡ ಹಾರುತ್ತಿವೆ, ಪ್ರತಿಯೊಬ್ಬರ ಹೆಸರೂ ಕೆತ್ತಿದೆ. ನೋಟಸ್ ಮಳೆಯ ಕೊಡ ಬೋರಲು ಹಾಕಿದ್ದಾನೆ. ಝೆಫಿರಸ್ ಮಡಿಲು ತುಂಬಾ ಹೂವು ಹೊತ್ತು ಬರಿಮೈಯಲ್ಲಿ ಹೊರಟಿದ್ದಾನೆ. ಈಶಾನ್ಯದ ಕೈಕಿಯಾಸ್ ಗುರಾಣಿಯಿಂದ ಆಲಿಕಲ್ಲು ಸುರಿಯುತ್ತಿದ್ದಾನೆ. ಉತ್ತರದ ಗೋಡೆಗೆ ಬನ್ನಿ. ಗಡ್ಡದ ಬೋರಿಯಾಸ್ ದಪ್ಪ ಅಂಗಿ, ಅದರ ಮೇಲೆ ಹೊದಿಕೆ, ಕಾಲಿಗೆ ಪಾದರಕ್ಷೆ ಹಾಕಿಕೊಂಡು ಶಂಖ ಹಿಡಿದಿದ್ದಾನೆ. ಚಳಿ ತರುವವನಿಗೇ ಚಳಿ ಜಾಸ್ತಿ ಇದ್ದ ಹಾಗಿದೆ. ಈ ಕಟ್ಟಡ ಒಂದು ಕಾಲಕ್ಕೆ ಕ್ರೈಸ್ತರ ಪ್ರಾರ್ಥನಾ ಮಂದಿರವಾಗಿತ್ತು. ತುರ್ಕರ ಕಾಲದಲ್ಲಿ ಸುತ್ತುತ್ತಾ ಕುಣಿಯುವ ದರ್ವೇಶಿಗಳ ಮಠವಾಯಿತು. ದುರಸ್ತಿಯ ನಂತರ 2016ರಲ್ಲಿ ಮತ್ತೆ ಜನರಿಗೆ ತೆರೆದರು.

ಉತ್ತರ ಧ್ರುವದ ಬಣ್ಣದ ಬೆಳಕಿಗೆ ಇವನ ಹೆಸರು ಹೇಗೆ ಬಂತು?

ಅರೋರಾ ಬೋರಿಯಾಲಿಸ್ ಅನ್ನುವ ಹೆಸರು 17ನೇ ಶತಮಾನದ್ದು. ಅರೋರಾ ಅಂದರೆ ರೋಮನ್ನರ ಬೆಳಗಿನ ದೇವತೆ, ಗ್ರೀಕರ ಈಯೋಸ್. ಬೋರಿಯಾಲಿಸ್ ಅಂದರೆ ಬೋರಿಯಾಸ್‌ನ ಕಡೆಯದು, ಉತ್ತರದ್ದು. ಹೆಸರಿಟ್ಟವರು ಯೋಚಿಸಿ ಇಟ್ಟರೋ ಇಲ್ಲವೋ, ತಾಯಿ ಮಗ ಇಬ್ಬರೂ ಅದರಲ್ಲಿ ಸೇರಿಕೊಂಡಿದ್ದಾರೆ. ಕೆನಡಾ, ರಷ್ಯಾದ ಉತ್ತರ ಭಾಗಗಳ ದೊಡ್ಡ ಕಾಡುಗಳನ್ನು ಬೋರಿಯಲ್ ಕಾಡು ಅನ್ನುವುದೂ ಇವನ ಹೆಸರಿನಿಂದಲೇ. ಗ್ರೀಸ್‌ನಲ್ಲಿ ಈಗಲೂ ಉತ್ತರದ ಗಾಳಿಗೆ ವೊರಿಯಾಸ್ ಅಂತಲೇ ಹೇಳುತ್ತಾರೆ.